ಮಾಸ್ತರಿಗೆ ರಾಗ ಬಂದ ಮಳೆಗಾಲ

ಹೋದ ತಿಂಗಳು ನನ್ನ ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಖಾನಾಪುರದ ತಹಶೀಲ್ದಾರ ಕಚೇರಿಗೆ ಹೋಗಬೇಕಾಯಿತು. ಜೊತೆಗೆ ಮೊಮ್ಮಗಳು ಸ್ಫೂರ್ತಿ ಬಂದಿದ್ದಳು. ಹೊರಗೆ ಜಡಿಮಳೆ. ಸಾಲಿನಲ್ಲಿ ನಿಂತವರ ಕೊಡೆಗಳಿಂದ ನೀರು ಸೋರಿ ನೆಲವೆಲ್ಲ ಕೆಂಪು ಕೆಸರಾಗಿತ್ತು. ಆ ಕೆಂಪು ಮಣ್ಣಿನ ಹಸಿ ವಾಸನೆ ಮೂಗಿಗೆ ಬಡಿದು, ಯಾವ ವರ್ಷ, ಯಾವ ಮಳೆ ಎಂದು ನಾನು ನೆನಪು ಮಾಡಿಕೊಳ್ಳುತ್ತಿರುವಾಗಲೇ ನನ್ನ ಹಿಂದೆ ನಿಂತಿದ್ದ ಹೆಂಗಸು ನನ್ನ ಮುಖವನ್ನೇ ಬಗ್ಗಿ ನೋಡಿದಳು.

"ರಾಗವಾಲ್ಯಾ ಮಾಸ್ತರಾಂಚ್ಯಾ ಬಾಯಕೋ ನಾ ತುಮ್ಹೀ?"

ರಾಗದ ಮಾಸ್ತರರ ಹೆಂಡತಿ ಅಲ್ಲವೇ ನೀವು ಎಂದು ಕೇಳಿದ್ದು. ನಾನು ತಲೆ ಆಡಿಸಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು, ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು, ನಾನು ಬೇಡವೆಂದರೂ ಕೇಳದೆ ಮುಂದಿನವರಿಗೆ ಹೇಳಿ ನನ್ನನ್ನು ಕಿಟಕಿಯವರೆಗೆ ಕಳಿಸಿಕೊಟ್ಟಳು.

ಬೆಳಗಾವಿಗೆ ತಿರುಗಿ ಬರುವಾಗ ಬಸ್ಸಿನಲ್ಲಿ ಸ್ಫೂರ್ತಿ ನನ್ನನ್ನು ಬಿಡಲಿಲ್ಲ. "ಆಯಿ, ಆಕಿ ಯಾಕ ಅಷ್ಟು ನಕ್ಕಳು? ಅಜ್ಜಗ ಏನಂದಳು?" ಬಸ್ಸಿನ ತುಂಬ ಜನ. ಅಷ್ಟು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. "ಬರದ ಕೊಡ್ತೀನಿ ತಗೋ," ಎಂದೆ. ಅದಕ್ಕೇ ನಿಮ್ಮೆಲ್ಲ ಮೊಮ್ಮಕ್ಕಳಿಗೆಂದು ಈ ವಹಿ ತೆಗೆದುಕೊಂಡು ಕೂತಿದ್ದೇನೆ. ನಾನು ಓದಿದ್ದು ಹಲಸಿಯ ಹತ್ತಿರದ ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಆದರೆ ಅಕ್ಷರ ದುಂಡಗಿವೆ. ನಿಮ್ಮ ಅಜ್ಜ ಅದನ್ನು ಎಲ್ಲರ ಮುಂದೆ ಹೊಗಳುತ್ತಿದ್ದರು.

ನಿಮಗೆ ಅಜ್ಜ ಎಂದರೆ ಆರಾಮ ಕುರ್ಚಿಯ ಮುದುಕ. ಅವರ ಮೊದಲಿನದನ್ನು ಸ್ವಲ್ಪ ಹೇಳುತ್ತೇನೆ. ಅವರು ಬೈಲಹೊಂಗಲದ ಕಡೆಯ ರೈತರ ಮನೆಯವರು. ಹದಿನಾರನೆಯ ವಯಸ್ಸಿಗೆ ಬೆಳಗಾವಿಗೆ ಬಂದು, ಪೇಟಿ ಅಂದರೆ ಹಾರ್ಮೋನಿಯಂ ದುರಸ್ತಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಸ್ವರ ಕೆಟ್ಟ ಪೇಟಿಗಳನ್ನು ಸರಿ ಮಾಡುತ್ತ ಮಾಡುತ್ತ ನುಡಿಸುವುದನ್ನೂ ಕಲಿತರು. ಆಮೇಲೆ ಗುರುಗಳ ಹತ್ತಿರ ಹೋದರು, ಗಾಯಕರಿಗೆ ಸಾಥ್ ಕೊಟ್ಟರು. ನನ್ನನ್ನು ಮದುವೆಯಾದ ವರ್ಷ ಖಾನಾಪುರದ ಒಂದು ಸಾಲೆಯಲ್ಲಿ ಸಂಗೀತದ ಮಾಸ್ತರಿಕೆ ಸಿಕ್ಕಿತು. ಅಂದಿನಿಂದ ಊರಿಗೆಲ್ಲ ಅವರು ಪೇಟಿ ಮಾಸ್ತರ.

ಸಾಲೆಯ ಗ್ಯಾದರಿಂಗಿಗೆ ಮಕ್ಕಳಿಂದ ಹಾಡಿನ ನಾಟಕ ಆಡಿಸಿದರು. ಅದರ ರುಚಿ ಹತ್ತಿತು. ಮುಂದೆ ದೊಡ್ಡವರ ಮೇಳ ಕಟ್ಟಿದರು. ಮಾತೇ ಇಲ್ಲದ, ಮೊದಲಿನಿಂದ ಕೊನೆಯವರೆಗೆ ಬರೀ ಹಾಡಿನಲ್ಲೇ ನಡೆಯುವ ನಾಟಕಗಳು ಅವರವು. ಜಗಳವೂ ಹಾಡಿನಲ್ಲೇ, ಸಾಯುವುದೂ ಹಾಡಿನಲ್ಲೇ. "ಮಾಸ್ತರ, ನಿಮ್ಮ ನಾಟಕದಾಗ ನೀರು ಕೇಳಾಕೂ ಆಲಾಪ ಮಾಡಬೇಕೇನ್ರಿ?" ಎಂದು ಜನ ಚಾಷ್ಟಿ ಮಾಡುತ್ತಿದ್ದರು. ಮನೆಯಲ್ಲೂ ಅವರು ನಿರ್ದೇಶಕರೇ. ಚಹಾ ತಡವಾದರೆ, "ಗಿರಿಜಾ, ಭಾಳ ವಿಲಂಬಿತ ಆತಲ್ಲ," ಎನ್ನುವರು. ನನಗೋ ಒಂದು ಸ್ವರ ಗೊತ್ತಿಲ್ಲ. ದೇವರ ಮುಂದೆ ಹಾಡು ಹೇಳಿದರೆ ಬೆಕ್ಕು ಎದ್ದು ಹೋಗುತ್ತಿತ್ತು. ಆ ಮನೆಯಲ್ಲಿ ನನಗಿದ್ದದ್ದು ಎರಡೇ ಕೆಲಸ. ಒಂದು, ಹಾಡುಗಳನ್ನು ಪಾತ್ರದವರಿಗೆ ಪ್ರತಿ ಮಾಡಿ ಕೊಡುವುದು. ಇನ್ನೊಂದು, ಮರಾಠಿ. ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ. ನನಗೆ ಎರಡೂ ಒಂದೇ ಸಮ. ನಿಮ್ಮ ಅಜ್ಜನಿಗೆ ಎಷ್ಟು ವರ್ಷ ಖಾನಾಪುರದಲ್ಲಿದ್ದರೂ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟೇ ಮರಾಠಿ ಬಂದದ್ದು. ಅವರು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು, "ನಮ್ಮ ಮನ್ಯಾಗ ಮರಾಠಿ ಇಲಾಖೆ ಬ್ಯಾರೆನ ಐತ್ರಿ." ಆ ಮಾತು ಕೇಳಿದಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ತಾಲೀಮು ನಡೆಯುತ್ತಿದ್ದದ್ದು ಒಂದು ಹಳೆಯ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಹಸಿ ಹಂಚು ಒಣಗಲು ಹಾಕುತ್ತಿದ್ದ ಜಾಗ. ಹಂಚಿನ ಕಾರ್ಖಾನೆಯದೇ ಆದರೂ ಅದರ ಮಾಡು ಸೋರುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ಅವರು ಹೊಸ ನಾಟಕ ಎತ್ತಿಕೊಂಡಿದ್ದರು. ಹಲಸಿಯ ಗುಡಿಗಳನ್ನು ಕಟ್ಟಿದ ಕಾಲದ ಒಬ್ಬ ರಾಣಿಯ ಕಥೆ, ಮೂರು ತಾಸಿನ ಹಾಡು. ಗಣಪತಿ ಹಬ್ಬ ಮುಗಿದ ಮೇಲೆ ಬೆಳಗಾವಿಯಲ್ಲಿ ಆಡುವುದೆಂದು ಗೊತ್ತಾಗಿತ್ತು. ರಾಣಿಯ ಪಾತ್ರ ಕುಂಬಾರ ಗಲ್ಲಿಯ ಸುಮಿತ್ರಾಳದು. ಮನೆಮಾತು ಮರಾಠಿ, ಆದರೆ ಕನ್ನಡ ಹಾಡನ್ನು ಅವಳಷ್ಟು ಸ್ಪಷ್ಟವಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ತಬಲಾಕ್ಕೆ ಖಾದರಸಾಬ ಇದ್ದರು. ಮಾಸ್ತರರ ಹಳೆಯ ಗೆಳೆಯ, ಮಾತು ಕಡಿಮೆ, ಕಣ್ಣು ಚುರುಕು.

ತೇವಕ್ಕೆ ಪೇಟಿಯ ಸ್ವರಗಳು ಬಾಯಿ ಬಿಡುತ್ತಿರಲಿಲ್ಲ. ನಾನು ಕೆಂಡದ ಬುಟ್ಟಿ ಇಟ್ಟು ಬಟ್ಟೆ ಒಣಗಿಸುವಾಗ ಪಕ್ಕದಲ್ಲೇ ಪೇಟಿಯನ್ನೂ ಕೂಡಿಸಿಕೊಳ್ಳುತ್ತಿದ್ದೆ. ತಾಲೀಮಿಗೆ ಒಂದು ಒಣ ಜಾಗ ಕೊಡಿ ಎಂದು ಅವರು ಕೇಳದ ಕಡೆಯಿಲ್ಲ. ಎಲ್ಲಿ ಹೋದರೂ, "ಮೆಂಬರು ಹೇಳಿದ್ರ ಆಗ್ತೈತಿ ನೋಡ್ರಿ ಮಾಸ್ತರ," ಎನ್ನುವುದೇ ಉತ್ತರ. ಒಂದು ದಿನ ತೊಯ್ದು ತಪ್ಪಡಿಯಾಗಿ ಮನೆಗೆ ಬಂದವರೇ ಟಾವೆಲಿನಿಂದ ಮೊದಲು ಪೇಟಿ ಒರೆಸಿ, ಆಮೇಲೆ ತಲೆ ಒರೆಸಿಕೊಳ್ಳುತ್ತ ಹೇಳಿದರು.

"ಗಿರಿಜಾ, ನಾನ ಮೆಂಬರ್ ಆಗ್ತೀನಿ."

ಊರಿನ ಪಟ್ಟಣ ಪಂಚಾಯಿತಿಗೆ ಚುನಾವಣೆ ಬಂದಿತ್ತು. ಯಾವ ಪಕ್ಷವೂ ಇಲ್ಲದೆ ನಿಂತರು. ಗುರುತುಗಳ ಪಟ್ಟಿಯಲ್ಲಿ ಪೇಟಿಯೂ ಇತ್ತು. ಅದು ಇವರಿಗೇ ಸಿಕ್ಕಿತು. ಆ ದಿನ ಅವರು ಗೆದ್ದೇ ಬಿಟ್ಟವರ ಹಾಗೆ ನಡೆದುಕೊಂಡು ಬಂದರು.

ನಮ್ಮ ವಾರ್ಡಿನಲ್ಲಿ ಅರ್ಧ ಕನ್ನಡದ ಓಣಿ, ಅರ್ಧ ಕುಂಬಾರ ಗಲ್ಲಿ. ಕನ್ನಡದ ಓಣಿಯ ಸಭೆಯಲ್ಲಿ ಅವರು ಹೇಳಿದ ಒಂದು ಮಾತಿಗೆ ಜನ ಬಹಳ ಮೆಚ್ಚಿ ಚಪ್ಪಾಳೆ ತಟ್ಟಿದರಂತೆ. "ನನಗ ರಾಗ ಬರ್ತದ, ರಾಜಕೀಯ ಬರೂದಿಲ್ಲ." ಮರುದಿನ ಕುಂಬಾರ ಗಲ್ಲಿಯ ಸಭೆ. ಅಲ್ಲಿ ಮರಾಠಿಯಲ್ಲೇ ಹೇಳಬೇಕೆಂದು ಅವರ ಆಸೆ. ನಾನು ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಹೊರಗಿನ ಕೋಣೆಯಿಂದ ಕೂಗಿದರು, "ಗಿರಿಜಾ, ರಾಗ ಬರ್ತದ, ರಾಜಕೀಯ ಬರೂದಿಲ್ಲ, ಇದಕ್ಕ ಮರಾಠಿ ಏನು?"

ಒನಕೆ ನಿಲ್ಲಿಸದೆ ಹೇಳಿದೆ, "ಮಲಾ ರಾಗ ಯೇತೋ, ರಾಜಕಾರಣ ಯೇತ ನಾಹೀ."

ಅವರು ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ನಾನು ಚಟ್ನಿಗೆ ಉಪ್ಪು ನೋಡಿದೆ.

ಮಕ್ಕಳೇ, ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಹಾಡಿನ ರಾಗವೂ ಹೌದು, ಆದರೆ "ರಾಗ ಯೇತೋ" ಎಂದರೆ ಯಾರಿಗೂ ಹಾಡು ನೆನಪಾಗುವುದಿಲ್ಲ. ನನಗೆ ಸಿಟ್ಟು ಬರುತ್ತದೆ ಎಂದೇ ಅರ್ಥ. ನಮ್ಮೂರಲ್ಲಿ ಹುಣಸೆಕಾಯಿ ಕದಿಯಲು ಹೋದಾಗ ಪಕ್ಕದ ಮನೆಯ ಕಾಕೂ "ಮಲಾ ರಾಗ ಆಣೂ ನಕಾ", ನನಗೆ ಸಿಟ್ಟು ತರಿಸಬೇಡಿ, ಎಂದು ಎಷ್ಟು ಸಲ ಗದರಿಸಿರಲಿಲ್ಲ! ಅದೆಲ್ಲ ಗೊತ್ತಿದ್ದ ನಾನೇ ಹೀಗೆ ಹೇಳಿದೆ. ಯಾಕೆಂದರೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ರಾಗ ಎಂಬ ಶಬ್ದಕ್ಕೆ ನಮ್ಮಲ್ಲಿ ಒಂದೇ ಅರ್ಥ ಉಳಿದಿತ್ತು.

ಸಭೆಗಳಿಗೆ ನಾನು ಹೋಗುತ್ತಿರಲಿಲ್ಲ. ಆ ದಿನ ಮಾತ್ರ, ನನ್ನ ಮರಾಠಿ ಹೇಗೆ ಕೇಳಿಸುತ್ತದೆ ನೋಡೋಣ ಎಂದು ಚಹಾದಂಗಡಿಯ ಮರೆಯಲ್ಲಿ ಕೊಡೆ ಹಿಡಿದು ನಿಂತೆ. ಸಂಜೆ ಐದು ಗಂಟೆ, ತುಂತುರು ಮಳೆ. ಮೈಕು ಸಿಳ್ಳು ಹೊಡೆಯುತ್ತಿತ್ತು. ಇವರು ಅದರ ತಲೆಗೆ ಎರಡು ಏಟು ಹಾಕಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು, ನಾಟಕದಲ್ಲಿ ರಾಜ ಬರುವಾಗಿನ ದನಿ ತೆಗೆದು ಹೇಳಿದರು.

"ಮಲಾ ರಾಗ ಯೇತೋ!"

ಗಲ್ಲಿ ಗಪ್ಪಾಯಿತು. ಚಪ್ಪಾಳೆ ಬರಲಿ ಎಂದು ಇವರು ನಿಂತರು. ಮುಂದೆ ಕೂತಿದ್ದ ಕೂಸೊಂದು ಅಳತೊಡಗಿತು. ಹಿಂದಿನಿಂದ ಯಾರೋ ಒದರಿದರು, "ಯೇವೂ ದೇ ಕೀ! ಆಮ್ಹಾಲಾಪಣ ಯೇತೋ!" ಬರಲಿ ಬಿಡು, ನಮಗೂ ಬರುತ್ತದೆ ಎಂದು. ನಾಟಕದವರ ಚಾಳಿ ನೋಡಿ, ಹಿಂದಿನ ಸಾಲಿಗೆ ಮಾತು ಮುಟ್ಟಿಲ್ಲ ಎಂದು ತಿಳಿದು ಇವರು ಇನ್ನೂ ಗಟ್ಟಿಯಾಗಿ, ಕೊನೆಯ ಅಕ್ಷರ ಎಳೆದು, ಇನ್ನೊಮ್ಮೆ ಹೇಳಿದರು. "ಮಲಾ ರಾಗ ಯೇತೋಽಽ!" ನನ್ನ ತಪ್ಪು ನನಗೆ ತಿಳಿದದ್ದು ಆ ಎರಡನೆಯ ಸಲ. ಕೈಯಲ್ಲಿದ್ದ ಕೊಡೆ ಮಗುಚಿತು. ರಾಜಕಾರಣ ಎಂದು ಅವರು ಶುರು ಮಾಡುವಷ್ಟರಲ್ಲಿ ಗದ್ದಲವೆದ್ದು, ಮೈಕೂ ಬಂದಾಗಿ, ಖಾದರಸಾಬ ಅವರ ಕೈ ಹಿಡಿದು ಕೆಳಗಿಳಿಸಿದರು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಮರುದಿನ ಮುಂಜಾನೆ ಊರಿನ ಎಲ್ಲರ ಮೊಬೈಲಿನಲ್ಲಿ ನಿಮ್ಮ ಅಜ್ಜ ಎದೆ ತಟ್ಟಿ "ರಾಗ ಯೇತೋ" ಎನ್ನುತ್ತಿದ್ದರು. ಎದುರು ನಿಂತವರು, "ಗೆಲ್ಲೂಕಿಂತ ಮೊದಲ ಇಷ್ಟು ಸಿಟ್ಟು, ಗೆದ್ದ ಮ್ಯಾಲ ಹೆಂಗ?" ಎಂದು ಹೇಳಿಕೊಂಡು ತಿರುಗಿದರು. ಬರೀ ನಗೆಯಾಗಿದ್ದರೆ ಚಿಂತೆಯಿರಲಿಲ್ಲ. ಕನ್ನಡದ ಮಾಸ್ತರ ಮರಾಠಿಯವರ ಗಲ್ಲಿಗೆ ಬಂದು ಧಮಕಿ ಹಾಕಿ ಹೋದ ಎಂದು ಕೆಲವರು ಆಡಿಕೊಂಡರು. ಸುಮಿತ್ರಾಳ ಅತ್ತೆ ರುಕ್ಮಾಬಾಯಿ ಆ ಗಲ್ಲಿಗೇ ಹಿರಿಯಳು. ಅವಳು ಸೊಸೆಗೆ ಹೇಳಿದಳಂತೆ, "ಆ ಮನುಷ್ಯನ ತಾಲೀಮಿಗೆ ನೀ ಹೋಗೂದು ಬ್ಯಾಡ." ರಾಣಿ ಬರುವುದು ನಿಂತಿತು.

ಶಬ್ದದ ಅರ್ಥ ನಿಮ್ಮ ಅಜ್ಜನಿಗೆ ಸಭೆಯ ಸಂಜೆಯೇ ಖಾದರಸಾಬರಿಂದ ಗೊತ್ತಾಗಿತ್ತು. ಮನೆಗೆ ಬಂದು ನನ್ನ ಮುಂದೆ ಕುಳಿತರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ತಲೆ ತಗ್ಗಿಸಿ ಕೂತೆ. ಅವರು ಅಂದದ್ದು ಬೇರೆ.

"ನೀ ಬ್ಯಾರೆ ಏನೋ ಹೇಳಿಕೊಟ್ಟಿದ್ದಿ. ನಾನು ಮರತು ಇದನ್ನ ಅಂದೆ. ಏನ್ ಹೇಳಿದ್ದಿ ಅನ್ನೂದು ಎಷ್ಟು ನೆನಸಿದ್ರೂ ನೆನಪಾಗವಲ್ದು."

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. "ಇರಲಿ ಬಿಡ್ರಿ, ಊಟಕ್ಕ ಏಳ್ರಿ," ಎಂದೆ.

ನನ್ನ ಜೀವನದಲ್ಲಿ ಅದಕ್ಕಿಂತ ಕೆಟ್ಟ ಮಾತು ನಾನು ಆಡಿಲ್ಲ.

ಯಾಕೆಂದರೆ ಅವರಿಗೆ ಅಲ್ಲಿಂದ ಒಂದು ಭಯ ಹೊಕ್ಕಿತು. ಅವರ ತಂದೆಗೆ ಇಳಿವಯಸ್ಸಿನಲ್ಲಿ ಮರೆವಿನ ಕಾಯಿಲೆ ಬಂದು, ಕೊನೆಗೆ ಮಗನ ಹೆಸರೂ ನೆನಪಿರಲಿಲ್ಲ. ಅದು ಶುರುವಾದದ್ದೂ ಹೀಗೆಯೇ, ಒಂದು ಮಾತಿನ ಬದಲು ಇನ್ನೊಂದು ಮಾತು ಬಾಯಿಗೆ ಬಂದು. ಇವರು ಕುಂತಲ್ಲಿ ನಿಂತಲ್ಲಿ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ನಾಟಕದ ಹಾಡುಗಳನ್ನು ವಹಿ ನೋಡದೆ ಹೇಳುವುದು, ಒಂದು ಶಬ್ದ ತಡವಾದರೆ ಮುಖ ಸಪ್ಪಗೆ ಮಾಡಿಕೊಳ್ಳುವುದು. ಕೀಲಿಕೈ ಎಲ್ಲಿಟ್ಟೆ ಎಂದು ಹುಡುಕುವುದು, ಅದು ಜೇಬಿನಲ್ಲೇ ಸಿಕ್ಕಿದರೆ ಸುಮ್ಮನೆ ಕುಳಿತುಬಿಡುವುದು. ಒಂದು ವಾರದ ಮೇಲೆ ಪೇಟಿ ಮುಟ್ಟುವುದನ್ನೇ ಬಿಟ್ಟರು. ಮಳೆ ಹೊಡೆಯುತ್ತಲೇ ಇತ್ತು. ಮಲಪ್ರಭೆ ಕೆಂಪಗೆ ತುಂಬಿ, ಘಾಟಿನ ಮೆಟ್ಟಿಲು ಒಂದೂ ಕಾಣುತ್ತಿರಲಿಲ್ಲ.

ಹನ್ನೊಂದನೆಯ ದಿನ ಖಾದರಸಾಬರನ್ನು ಕರೆಸಿ ಅವರು ಹೇಳಿದ್ದು ಒಳಗೆ ನನಗೆ ಕೇಳಿಸಿತು. "ಬೆಳಗಾವಿಯವರಿಗೆ ಹೇಳಿಬಿಡು, ನಾಟಕ ಇಲ್ಲ. ಒಂದು ವಾಕ್ಯ ನೆನಪಿಡಾಕ ಆಗದಾಂವ ಮೂರು ತಾಸಿನ ನಾಟಕ ಹೆಂಗ ನಡಸ್ತಾನ? ಎಲೆಕ್ಷನ್ನೂ ಸಾಕು. ಹೆಸರು ತಗಿಯಾಕ ಬರೂದಿಲ್ಲ, ಇಲ್ಲಾಂದ್ರ ಅದನ್ನೂ ತಗೀತಿದ್ದೆ."

"ನಾಳಿತನಕ ತಡಿ," ಎಂದು ಖಾದರಸಾಬ ಎದ್ದರು. ಹೋಗುವಾಗ ನೀರು ಕೇಳುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದರು.

"ವೈನಿ, ಮಾಸ್ತರ ಮರಾಠಿ ನನಗ ಪೂರಾ ಗೊತ್ತೈತಿ. ಬದನಿಕಾಯಿ, ಚಿಲ್ಲರೆ, ಬಸ್ಸು ಎಷ್ಟಕ್ಕ. ಮಲಾ ರಾಗ ಯೇತೋ ಅನ್ನೂ ವಾಕ್ಯ ಅವರ ಸ್ವಂತದ್ದಲ್ಲ. ಯಾರೋ ಹೇಳಿಕೊಟ್ಟಾರ, ಹೇಳಿಕೊಟ್ಟದ್ದನ್ನ ಹಂಗಂಗ ಅಂದಾರ. ಹೌದಿಲ್ಲೋ?"

ನನ್ನ ಕೈಯಿಂದ ತಂಬಿಗೆ ಜಾರಿತು. ಅವರು ಬಗ್ಗಿ ಎತ್ತಿ ಕೊಟ್ಟರು. "ನಾ ಏನೂ ಕೇಳಿಲ್ಲ," ಎಂದು ಹೊರಟುಹೋದರು.

ಆಗಲೂ ಗಂಡನಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ. ಸುಮಿತ್ರಾ ತಿರುಗಿ ಬಂದರೆ ಇವರು ತಾವೇ ಸರಿಹೋಗುತ್ತಾರೆ, ನಾನು ಹೇಳುವುದೇ ಬೇಡ ಎಂದು ಲೆಕ್ಕ ಹಾಕಿದೆ. ಮಧ್ಯಾಹ್ನ ಕೊಡೆ ತೆಗೆದುಕೊಂಡು ಕುಂಬಾರ ಗಲ್ಲಿಗೆ ಹೋದೆ. ರುಕ್ಮಾಬಾಯಿ ಪಡಸಾಲೆಯಲ್ಲಿ ಕುಳಿತು ಮಾರಲು ಮಾಡಿದ ಮಣ್ಣಿನ ಒಲೆಗಳ ಹಸಿ ಅಂಚನ್ನು ಬೆರಳಿಗೆ ನೀರು ಹಚ್ಚಿ ನುಣುಪು ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಕೊಡೆಯಿಂದ ನೀರು ಇಳಿಯುತ್ತಲೇ ಇತ್ತು, ಮಾತು ಮಾತ್ರ ಇಲ್ಲ.

"ಅಗ ಬಾಯಿ, ಒಳಗ ಬಾ, ಇಲ್ಲಾ ಹೊರಗ ಹೋಗು. ನನ್ನ ಒಲಿ ತೋಯಿಸಬ್ಯಾಡ," ಎಂದಳು.

ಒಳಗೆ ಹೋಗಿ ಮರಾಠಿಯಲ್ಲಿ ಎಲ್ಲ ಹೇಳಿದೆ. ಚಟ್ನಿ ಕುಟ್ಟುತ್ತಿದ್ದದ್ದು, ಅವರು ಕೇಳಿದ್ದು, ನಾನು ಹೇಳಿದ್ದು. ಅವಳು ಕೈ ನಿಲ್ಲಿಸಿ ಕೇಳಿದಳು. ನಗುತ್ತಾಳೋ ಬಯ್ಯುತ್ತಾಳೋ ತಿಳಿಯಲಿಲ್ಲ.

"ಗಂಡಗ ಹೇಳೀಯೇನು?"

"ಇಲ್ರಿ."

"ಅದಕ್ಕಿಂತ ಮೊದಲ ನನಗ ಹೇಳಾಕ ಬಂದಿ! ಹೋಗು, ಮೊದಲ ಮನ್ಯಾಗ ಹೇಳು."

"ಸುಮಿತ್ರಾಗ ತಾಲೀಮಿಗೆ ಕಳಸ್ತೀರೇನ್ರಿ?"

"ನಾ ಒಬ್ಬಾಕಿ ತಿಳಕೊಂಡ್ರ ಏನಾತು? ಮಾತು ಭೋಂಗಾದಾಗ ಹೋಗೈತಿ. ಭೋಂಗಾದಾಗನ ತಿರುಗಿ ಬರಬೇಕು."

ಭೋಂಗಾ ಎಂದರೆ ಧ್ವನಿವರ್ಧಕ. ನಾನು ಮೈಕಿನ ಮುಂದೆ ನಿಂತು ಇಡೀ ಗಲ್ಲಿಗೆ ಹೇಳಬೇಕು ಎಂಬುದು ಅವಳ ಮಾತಿನ ಅರ್ಥ. ತಿರುಗಿ ಬರುವಾಗ ದಾರಿ ಕಾಣದಷ್ಟು ಕಣ್ಣು ಮಂಜಾಗಿತ್ತು. ಮಳೆ ಅಂದುಕೊಂಡೆ.

ಮನೆಯಲ್ಲಿ ಇವರು ಕಿಟಕಿಯ ಹತ್ತಿರ ಕುಳಿತಿದ್ದರು. ಚಪ್ಪಲಿ ಬಿಡದೆ, ಒದ್ದೆ ಸೀರೆಯಲ್ಲೇ ಅವರ ಮುಂದೆ ಹೋಗಿ ನಿಂತೆ.

"ನೀವು ಏನೂ ಮರತಿಲ್ಲರಿ. ನಾ ಹೇಳಿದ್ದನ್ನ ನೀವು ಅಕ್ಷರ ಬಿಡದಂಗ ಅಂದೀರಿ. ಮಲಾ ರಾಗ ಯೇತೋ ಅಂತ ಹೇಳಿಕೊಟ್ಟಾಕಿ ನಾನ."

ಅವರು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು.

"ನೀನ?"

"ಹೂಂ."

"ಇದ ಮಾತು? ಯೇತೋ ಅಂತನ?"

"ಇದ ಮಾತು."

"ಹಂಗಾರ..." ಎಂದು ಎದ್ದು ನಿಂತರು. "ಹಂಗಾರ ನನ್ನ ತಲಿ ಸರಿ ಐತಿ?"

"ಸರಿ ಐತ್ರಿ. ನಂದ ಕೆಟ್ಟಿತ್ತು."

ಇನ್ನೂ ಎರಡು ಸಲ ಅದನ್ನೇ ಕೇಳಿದರು. ನಾನು ಎರಡು ಸಲವೂ ಅದನ್ನೇ ಹೇಳಿದೆ. ಅವರು ಗೋಡೆಗೆ ಕೈ ಊರಿ, ಬಹಳ ದೂರ ಓಡಿ ಬಂದವರ ಹಾಗೆ ಉಸಿರು ಬಿಟ್ಟರು. ಆಮೇಲೆ ಪೇಟಿಯ ಮುಚ್ಚಳ ತೆಗೆದು, ನಿಂತುಕೊಂಡೇ ರಾಣಿಯ ಮೊದಲ ಹಾಡು ನುಡಿಸಿದರು. ಅರ್ಧ ಸ್ವರಗಳು ತೇವಕ್ಕೆ ಅಂಟಿಕೊಂಡಿದ್ದವು. ಅವು ಹೊರಡದ ಕಡೆ ತಾವೇ ಬಾಯಿಂದ ಹಾಡಿದರು. ಪೂರ್ತಿ ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಆಗ, ಮಕ್ಕಳೇ, ಅವರಿಗೆ ಖರೇನೇ ಮರಾಠಿಯ ರಾಗ ಬಂತು.

"ಹನ್ನೊಂದು ದಿನ! ಹನ್ನೊಂದು ದಿನ ನಾ ನಮ್ಮಪ್ಪನ್ನ ನೆನಸಿಕೊಂಡು ಸಾಯಾಕತ್ತೀನಿ, ನೀ ಊಟಕ್ಕ ಏಳ್ರಿ ಅಂತಿದ್ದಿ!"

ನಾಚಿಕೆ ಎಂದರೆ ಸಂಭಾವಿತರ ಗುಣ ಎಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಾರೆ. ಇನ್ನೊಬ್ಬರ ಜೀವ ಅದರಿಂದ ಹೈರಾಣಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ.

ಸಿಟ್ಟು ಇಳಿದ ಮೇಲೆ ರುಕ್ಮಾಬಾಯಿಯ ಮಾತನ್ನೂ ಹೇಳಿದೆ. ಅವರು ಕೈ ಆಡಿಸಿದರು. "ಬ್ಯಾಡ. ನಾಕು ಮಂದಿ ಬಂದ್ರ ನೀ ಕದದ ಹಿಂದ ಹೋಗಾಕಿ. ನಾನ ಹೇಳ್ತೀನಿ."

"ನೀವು ಹೇಳಿದ್ರ ಯಾರು ನಂಬ್ತಾರ್ರಿ? ಹೆಂಡ್ತಿ ಮ್ಯಾಲ ಹಾಕಿದ ಅಂತಾರ. ನಾ ಬರ್ತೀನಿ."

ಮರುದಿನ ಸಂಜೆ ಕುಂಬಾರ ಗಲ್ಲಿಗೆ ಮೂವರೂ ಹೋದೆವು. ಖಾದರಸಾಬರ ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಪೇಟಿ. ಗಲಾಟೆ ನೋಡಲು ಕನ್ನಡದ ಓಣಿಯವರೂ ಹಿಂದೆ ಬಂದಿದ್ದರು. ರಾಗವಾಲೇ ಮಾಸ್ತರ ಬಂದ ಎಂದು ಗಲ್ಲಿಯವರೆಲ್ಲ ಬಾಗಿಲಿಗೆ ಬಂದರು. ಮಳೆ ಸ್ವಲ್ಪ ಬಿಟ್ಟಿತ್ತು. ಇವರು ಮೈಕನ್ನು ನನ್ನ ಕೈಗೆ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಮೈಕು ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಯಾರ ಮುಖವನ್ನೂ ನೋಡಲಿಲ್ಲ. ಎದುರಿನ ಗೋಡೆಗೆ ಒರಗಿಸಿಟ್ಟ ಒಲೆಗಳನ್ನು ನೋಡುತ್ತ ಹೇಳಿದೆ.

"ಚೂಕ ಮಾಝೀ ಆಹೇ." ತಪ್ಪು ನನ್ನದು.

ನನ್ನ ದನಿ ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ನನಗೇ ಕೇಳಿಸಿತು. ಹೆದರಿ ಮೈಕು ಕೆಳಗಿಳಿಸಿದೆ. ಖಾದರಸಾಬ ಕಣ್ಣಿನಲ್ಲೇ ಎತ್ತು ಎಂದರು. ಎತ್ತಿದೆ. ಮನೆಯಲ್ಲಿ ಇವರು ಕೇಳಿದ್ದು, ಹಾಡಿನ ರಾಗ ಎಂದು ನಾನು ತಿಳಿದದ್ದು, ತಪ್ಪು ಹೇಳಿಕೊಟ್ಟದ್ದು, ಎಲ್ಲ ಹೇಳಿದೆ. ಕೊನೆಗೆ, ಮಾಸ್ತರರು ಸಿಟ್ಟಿನ ಮನುಷ್ಯರಲ್ಲ ಎನ್ನಬೇಕಿತ್ತು. ಶುದ್ಧ ಮರಾಠಿಯಲ್ಲೇ ಅಂದೆ.

"ಹ್ಯಾಂನಾ ರಾಗ ಯೇತ ನಾಹೀ."

ಇವರಿಗೆ ಸಿಟ್ಟು ಬರುವುದಿಲ್ಲ. ಕುಂಬಾರ ಗಲ್ಲಿಯವರು ತಲೆದೂಗಿದರು. ಆದರೆ ಹಿಂದೆ ನಿಂತಿದ್ದ ಕನ್ನಡದ ಓಣಿಯವರ ಕಿವಿಗೆ ಅದು ಬೇರೆಯೇ ಕೇಳಿಸಿತು. ಒಬ್ಬರು ಹೋ ಎಂದು ಕೂಗಿದರು.

"ಏ ಮಾಸ್ತರ! ನಿಮ್ಮ ಮನಿಯವರ ಹೇಳಾಕತ್ತಾರ ನಿಮಗ ರಾಗ ಬರೂದಿಲ್ಲಂತ! ಇಷ್ಟು ವರ್ಷ ನಮ್ಮ ಮಕ್ಕಳಿಗೆ ಏನ್ ಕಲಿಸಿದ್ರಿ?"

ಮೊದಲು ಕನ್ನಡದವರು ನಕ್ಕರು. ಅದರ ಅರ್ಥ ಒಬ್ಬರಿಂದ ಒಬ್ಬರಿಗೆ ಮರಾಠಿಯಲ್ಲಿ ದಾಟಿದ ಹಾಗೆ ಗಲ್ಲಿಯ ಎರಡೂ ಬದಿಯ ಬಾಗಿಲುಗಳು ನಗತೊಡಗಿದವು. ನಾನು ಏನು ಅಂದೆ ಎಂದು ತಿಳಿದು ನನ್ನ ಕಿವಿ ಬಿಸಿಯಾದವು. ಹನ್ನೆರಡು ದಿನದಲ್ಲಿ ಎರಡನೆಯ ಸಲ ಅದೇ ಶಬ್ದದಲ್ಲಿ ಬಿದ್ದಿದ್ದೆ! ಆಗ ರುಕ್ಮಾಬಾಯಿ ಪಡಸಾಲೆಯಿಂದಲೇ ದನಿ ಎತ್ತಿದಳು.

"ರಾಗ ಯೇತ ನಾಹೀ, ಮಗ ಪೇಟೀ ಕಶಾಲಾ ಆಣಲೀ?"

ರಾಗ ಬರುವುದಿಲ್ಲವೆಂದರೆ ಮತ್ತೆ ಪೇಟಿ ಯಾಕೆ ಹೊತ್ತು ತಂದಿರಿ ಎಂದು. ಮತ್ತೆ ನಗೆ. ನಿಮ್ಮ ಅಜ್ಜನೂ ನಕ್ಕರು. ಹನ್ನೆರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಭಾಷಣವನ್ನೇನೂ ಮಾಡಲಿಲ್ಲ. ರುಕ್ಮಾಬಾಯಿಯ ಪಡಸಾಲೆಯಲ್ಲಿ, ಒಲೆಗಳನ್ನು ಸರಿಸಿ ಮಾಡಿದ ಜಾಗದಲ್ಲಿ ಕುಳಿತು ಪೇಟಿ ಬಿಚ್ಚಿದರು. ರಾಣಿಯ ಹಾಡಿನ ಮೊದಲ ಸಾಲು ನುಡಿಸಿ ನಿಲ್ಲಿಸಿದರು. ಇನ್ನೊಮ್ಮೆ ನುಡಿಸಿ ನಿಲ್ಲಿಸಿದರು. ಒಳಗಿನ ಕೋಣೆಯಲ್ಲಿ ಸುಮಿತ್ರಾ ಇದ್ದಳು. ಅವಳು ಅತ್ತೆಯ ಮುಖ ನೋಡಿದಳು. ರುಕ್ಮಾಬಾಯಿ, "ಬಾ ಅಂತ ಕೈ ಹಿಡದು ಕರೀಬೇಕೇನು? ಮಾಸ್ತರ ಕಾಯಾಕತ್ತಾರ," ಎಂದು ಗದರಿದಳು. ಸುಮಿತ್ರಾ ಹೊಸ್ತಿಲಿಗೆ ಬಂದು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತ, ಎರಡನೆಯ ಸಾಲನ್ನು ಎತ್ತಿಕೊಂಡಳು.

ಮುಂದಿನದು ನಿಮಗೆ ನಿಮ್ಮ ಅಪ್ಪ ಹೇಳಿರುತ್ತಾನೆ. ಗಣಪತಿ ಹಬ್ಬವಾದ ಮೇಲೆ ಬೆಳಗಾವಿಯಲ್ಲಿ ನಾಟಕ ನಡೆಯಿತು. ಅದಕ್ಕೂ ಮೊದಲು ನಿಮ್ಮ ಅಜ್ಜ ಸ್ವಲ್ಪದರಲ್ಲೇ ಗೆದ್ದು ಒಂದು ಅವಧಿ ಮೆಂಬರ್ ಆದರು. ಕುಂಬಾರ ಗಲ್ಲಿಯ ಗಟಾರು ಮೊದಲನೆಯ ವರ್ಷವೇ ಆಯಿತು, ತಾಲೀಮಿನ ಮಾಡು ಮಾತ್ರ ಕೊನೆಯ ವರ್ಷ ಬಂತು. ಆ ಅವಧಿಯ ಉದ್ದಕ್ಕೂ ಅವರು ಮರಾಠಿಯಲ್ಲಿ ಏನೇ ಹೇಳಬೇಕಾದರೂ, ನನ್ನಿಂದ ಬರೆಸಿಕೊಂಡು, ಮೊದಲು ರುಕ್ಮಾಬಾಯಿಗೆ ಓದಿ ತೋರಿಸಿ ಪಾಸಾದ ಮೇಲೆಯೇ ಹೇಳಿದ್ದು. ಮತ್ತೆ ನಿಲ್ಲಿ ಎಂದು ಜನ ಹೇಳಿದಾಗ ಕೈಮುಗಿದು ಪೇಟಿಗೆ ತಿರುಗಿದರು. 'ರಾಗವಾಲೇ ಮಾಸ್ತರ' ಎಂಬ ಹೆಸರು ಹೋಗಲಿಲ್ಲ. ಅವರಿಗೆ ಅದು ಬೇಕೂ ಆಗಿತ್ತು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅದಕ್ಕೂ ಹಿಂದಿನ ವಾರ ನನ್ನನ್ನು ಕೂಡಿಸಿಕೊಂಡು, ವಹಿ ಕೈಗೆ ಕೊಟ್ಟು, ಆ ಮೂರು ತಾಸಿನ ನಾಟಕವನ್ನು ಪೂರ್ತಿ ಹೇಳಿದ್ದರು. ನಾನು ಬೆರಳಿಟ್ಟು ನೋಡುತ್ತಾ ಹೋದೆ. ಒಂದು ಅಕ್ಷರ ತಪ್ಪಿರಲಿಲ್ಲ.

ಆದರೆ ನಾನು ಬರೆಯಬೇಕೆಂದು ಕುಳಿತದ್ದು ಆ ಸಂಜೆಯನ್ನು. ಹಾಡು ಮುಗಿದು, ರುಕ್ಮಾಬಾಯಿಯ ಮನೆಯಲ್ಲಿ ಚಹಾ ಕುಡಿದು ನಾವು ಹೊರಬಿದ್ದಾಗ ಇನ್ನೂ ಬೆಳಕಿತ್ತು. ಖಾದರಸಾಬ ಪೇಟಿ ಹೊತ್ತು ಮುಂದೆ ಹೋಗಿದ್ದರು. ಗಟಾರಿಲ್ಲದ ಗಲ್ಲಿಯಲ್ಲಿ ನೀರು ಹರಿಯುತ್ತಿತ್ತು, ಸೀರೆ ಎತ್ತಿ ಹಿಡಿದು ನಡೆಯುತ್ತಿದ್ದೆ. ಇವರು ಬಾಜೂಕ್ಕೆ ಬಂದರು.

"ಗಿರಿಜಾ, ಅಷ್ಟು ಮಂದಿ ಮುಂದ ನಿಂತೆಲ್ಲ, ಅಂಜಿಕಿ ಬರಲಿಲ್ಲೇನು?"

"ಬಂತ್ರಿ," ಎಂದೆ. "ಮಾತೂ ಬಂತು."